ಅಜ್ಜಿಯ ಇನ್ಸುಲಿನ್ ಯಾವ ಬ್ರ್ಯಾಂಚಿಗೆ ಸೇರಿದ್ದು?

ಕಳೆದ ಬೇಸಿಗೆಯಲ್ಲಿ ಅರಸೀಕೆರೆಯ ಅಜ್ಜಿ ಮನೆಗೆ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಮಧ್ಯಾಹ್ನ ಮೂರಾದರೂ ಬಂದಿರಲಿಲ್ಲ. ಫ್ರಿಜ್‌ನೊಳಗಿನ ತಂಪೆಲ್ಲ ಇಳಿದುಹೋಗಿತ್ತು. ಅಜ್ಜಿ ಎದ್ದು ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಂದು ಪುಟ್ಟ ಕುಡಿಕೆಯಲ್ಲಿಟ್ಟು, ಆ ಕುಡಿಕೆಯನ್ನು ಒದ್ದೆ ಮರಳು ತುಂಬಿದ ಮಡಕೆಯೊಳಗೆ ಕೂರಿಸಿದರು. ಮೇಲೊಂದು ಒದ್ದೆ ಬಟ್ಟೆ. 'ಯಾಕಜ್ಜಿ ಇಷ್ಟೆಲ್ಲ?' ಅಂದೆ. 'ಬಿಸಿ ತಾಗಿದ್ರೆ ಔಷಧಿ ಸತ್ತೋಗ್ತದೆ ಕಣವ್ವ. ಆಮೇಲೆ ಚುಚ್ಕಂಡ್ರೂ ಒಂದೇ, ಬಿಟ್ರೂ ಒಂದೇ' ಅಂದರು.

ಆ ವಾರ ನನಗೆ ಇಂಟರ್ನಲ್ಸ್ ಇತ್ತು. ಕೈಯಲ್ಲಿದ್ದದ್ದು ಹೀಟ್ ಟ್ರಾನ್ಸ್‌ಫರ್ ಪುಸ್ತಕ. ಮಡಕೆಯ ಗೋಡೆಯಿಂದ ನೀರು ಆವಿಯಾಗುವಾಗ ಶಾಖವನ್ನು ಹೇಗೆ ಒಯ್ಯುತ್ತದೆ ಎಂದು ಅಜ್ಜಿಗೆ ವಿವರಿಸಬಲ್ಲೆ. ಗೋಡೆಯಲ್ಲಿ ಎಷ್ಟು ಶಾಖ ಹರಿಯಿತು ಎಂದು ಲೆಕ್ಕ ಹಾಕಿಯೂ ಕೊಡಬಲ್ಲೆ. ಆದರೆ ಬಾಟಲಿಯೊಳಗೆ? ಔಷಧಿ 'ಸಾಯುವುದು' ಅಂದರೇನು? ಶಾಖ ಆ ಅಣುವಿನ ಒಳಗೆ ಎಲ್ಲಿಂದ ಹೊಕ್ಕು, ಯಾವ ದಾರಿಯಲ್ಲಿ ಹರಿದು, ಎಲ್ಲಿ ಮೊದಲು ಕೆಡಿಸುತ್ತದೆ? ಪುಸ್ತಕದಲ್ಲಿ ಅದಿರಲಿಲ್ಲ. ಕಾಲೇಜಿಗೆ ಮರಳಿ ಕೇಳಿದಾಗ ಸಿಕ್ಕ ಉತ್ತರದಿಂದಲೇ ಈ ಬರಹ ಹುಟ್ಟಿತು.

ನಾನು ಹಳೇಬೀಡಿನವಳು. ಹಾಸನ ಜಿಲ್ಲೆಯಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಮಿನಿ ಪ್ರಾಜೆಕ್ಟ್‌ಗೆ ವಿಷಯ ಆರಿಸುವ ಸಮಯ ಬಂದಾಗ, 'ಪ್ರೋಟೀನಿನೊಳಗೆ ಶಕ್ತಿ ಹರಿಯುವುದನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ನೋಡೋಣ' ಎಂದು ಬರೆದುಕೊಟ್ಟೆ. ಬೇಲೂರಿನ ಗೆಳತಿಯೊಬ್ಬಳು ಜತೆಯಾದಳು. ಮೇಲಿನವರಿಂದ ಬಂದ ಉತ್ತರ ಚಿಕ್ಕದು: 'ಇದು ಬಯೋಟೆಕ್‌ನವರದ್ದಮ್ಮ. ನಮ್ಮ ಬ್ರ್ಯಾಂಚಿಗೆ ಬರಲ್ಲ. ಎಕ್ಸ್‌ಟರ್ನಲ್ ಬಂದು ಕೇಳಿದ್ರೆ ಏನು ಹೇಳ್ತೀರ?' ಕೊನೆಗೆ ನಮ್ಮ ಬ್ಯಾಚಿಗೆ ಒಪ್ಪಿಗೆಯಾದದ್ದು ತೆಂಗಿನಕಾಯಿ ಸುಲಿಯುವ ಯಂತ್ರ. ನಮ್ಮ ಸೀನಿಯರ್‌ಗಳೂ ಅದನ್ನೇ ಮಾಡಿದ್ದರು, ಅವರ ಸೀನಿಯರ್‌ಗಳೂ ಅದನ್ನೇ. ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಸಿದ್ಧ ಮಾಡಿಕೊಡುವ ಅಂಗಡಿಗಳೂ ಇವೆ. ನಮ್ಮ ಅಪ್ಪ ಮಾತ್ರ ಇಂದಿಗೂ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ ಸುಲಿಯುತ್ತಾರೆ. ಇಷ್ಟು ವರ್ಷ ಇಷ್ಟು ಯಂತ್ರ ಮಾಡಿದ ಮೇಲೂ ಅವರ ತೋಟಕ್ಕೆ ಒಂದೂ ಬರಲಿಲ್ಲ.

ತೆಂಗಿನಕಾಯಿ ಸುಲಿಯುವ ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದೊಂದನ್ನು ಯಾರಾದರೂ ಮಾಡಿದರೆ ಮೊದಲು ಕೈಮುಗಿಯುವವರು ನಮ್ಮ ಅಪ್ಪ. ನನ್ನ ತಕರಾರು ಆ ಒಂದು ಮಾತಿನ ಬಗ್ಗೆ: 'ನಮ್ಮ ಬ್ರ್ಯಾಂಚಿಗೆ ಬರಲ್ಲ.' ಇದು ನಿಜವೇ?

ಇನ್ಸುಲಿನ್ ಒಂದು ಪ್ರೋಟೀನ್. 51 ಅಮೈನೋ ಆಮ್ಲಗಳನ್ನು ಎರಡು ಸರಗಳಾಗಿ ಪೋಣಿಸಿ ಮಡಚಿದ ಪುಟ್ಟ ವಸ್ತು. ಒಂದು ಸರದಲ್ಲಿ 21, ಇನ್ನೊಂದರಲ್ಲಿ 30. ಪರಮಾಣುಗಳನ್ನು ಎಣಿಸಿದರೆ 788. ಈ ಮಡಿಕೆ ಸರಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬಿಸಿಯಾದಾಗ ಪರಮಾಣುಗಳ ಓಲಾಟ ಹೆಚ್ಚಿ, ಮಡಿಕೆ ಸಡಿಲವಾಗಿ, ಅಣುಗಳು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ಅಜ್ಜಿ 'ಸಾಯುವುದು' ಅಂದದ್ದು ಇದಕ್ಕೇ.

ಈಗ ಈ 51 ಅಮೈನೋ ಆಮ್ಲಗಳನ್ನು 51 ಗುಂಡುಗಳೆಂದು ತಿಳಿಯಿರಿ. ಹತ್ತಿರದ ಗುಂಡುಗಳ ನಡುವೆ ಒಂದೊಂದು ಸ್ಪ್ರಿಂಗ್ ಕಟ್ಟಿ. ಗುಂಡಿಗೆ ದ್ರವ್ಯರಾಶಿ, ಸ್ಪ್ರಿಂಗಿಗೆ ಬಿಗಿತ. ಪ್ರತಿ ಗುಂಡಿಗೂ ಮೂರು ದಿಕ್ಕು. ಒಟ್ಟು 153 ಸಾಲು, 153 ಕಂಬಗಳ ಒಂದು ಮ್ಯಾಟ್ರಿಕ್ಸ್. ಅದರ ಐಗನ್ ಮೌಲ್ಯಗಳನ್ನು ತೆಗೆದರೆ, ಇಡೀ ಅಣು ಸರಿದಾಡುವ ಮತ್ತು ತಿರುಗುವ ಆರನ್ನು ಬಿಟ್ಟು, ಅದು ಕಂಪಿಸುವ 147 ಬಗೆಗಳು ಸಿಗುತ್ತವೆ. ಮೆಕ್ಯಾನಿಕಲ್ ಗೆಳೆಯರೇ, ಇದನ್ನು ಎಲ್ಲಿಯೋ ನೋಡಿದಂತಿದೆಯಲ್ಲ? ನಾವು ವೈಬ್ರೇಷನ್ಸ್ ವಿಷಯದಲ್ಲಿ ಎರಡು ಗುಂಡು, ಮೂರು ಸ್ಪ್ರಿಂಗ್ ಇಟ್ಟುಕೊಂಡು ಮಾಡುವ ಲೆಕ್ಕವೇ ಇದು. ಪ್ರೋಟೀನ್ ಅಧ್ಯಯನದಲ್ಲಿ ಇದನ್ನು ಎಲಾಸ್ಟಿಕ್ ನೆಟ್‌ವರ್ಕ್ ಮಾದರಿ ಎನ್ನುತ್ತಾರೆ. ಜಗತ್ತಿನಾದ್ಯಂತ ಸಂಶೋಧಕರು ಬಳಸುವ ವಿಧಾನ. ಸಾಧಾರಣ ಲ್ಯಾಪ್‌ಟಾಪ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಇನ್ನೂ ಸೂಕ್ಷ್ಮವಾಗಿ ನೋಡಬೇಕೆಂದರೆ ಒಂದೊಂದು ಪರಮಾಣುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರತಿ ಪರಮಾಣುವಿನ ಮೇಲೆ ಬೀಳುವ ಬಲ ಎಷ್ಟು, ಅದರಿಂದ ವೇಗ ಎಷ್ಟು ಬದಲಾಯಿತು, ಎಷ್ಟು ಸರಿಯಿತು: ನ್ಯೂಟನ್ನನ ಎರಡನೇ ನಿಯಮ, ಅಷ್ಟೇ. ಇದಕ್ಕೆ ಮಾಲಿಕ್ಯುಲರ್ ಡೈನಾಮಿಕ್ಸ್ ಎಂದು ಹೆಸರು. ಕಷ್ಟವಿರುವುದು ಕಾಲದಲ್ಲಿ. ಒಂದೊಂದು ಹೆಜ್ಜೆಯನ್ನೂ ಸುಮಾರು 2 ಫೆಮ್ಟೊಸೆಕೆಂಡಿಗೆ ಒಮ್ಮೆ ಇಡಬೇಕು. ಒಂದು ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ನೋಡಲು 5 ಲಕ್ಷ ಹೆಜ್ಜೆ ಬೇಕು. 1977ರಲ್ಲಿ ಮಾರ್ಟಿನ್ ಕಾರ್ಪ್ಲಸ್ ಮತ್ತು ಸಂಗಡಿಗರು ಮೊದಲ ಬಾರಿಗೆ ಒಂದು ಪ್ರೋಟೀನಿನ ಚಲನೆಯನ್ನು ಹೀಗೆ ಲೆಕ್ಕ ಹಾಕಿದಾಗ, ಅದು ಒಂದು ನ್ಯಾನೊಸೆಕೆಂಡಿನ ನೂರನೇ ಒಂದು ಪಾಲನ್ನೂ ಮುಟ್ಟಿರಲಿಲ್ಲ. ಆ ಪ್ರೋಟೀನಿನಲ್ಲಿದ್ದದ್ದು 58 ಅಮೈನೋ ಆಮ್ಲ. ಅಜ್ಜಿಯ ಇನ್ಸುಲಿನ್‌ಗಿಂತ ಏಳು ಹೆಚ್ಚು. ಅಂಥ ಲೆಕ್ಕಾಚಾರದ ದಾರಿ ಹಾಕಿಕೊಟ್ಟದ್ದಕ್ಕೆ 2013ರಲ್ಲಿ ಕಾರ್ಪ್ಲಸ್, ಮೈಕೆಲ್ ಲೆವಿಟ್, ಏರಿಯೆ ವಾರ್ಶೆಲ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ದೊಡ್ಡ ಕಂಪ್ಯೂಟರ್ ಕೇಳುತ್ತಿದ್ದ ಕೆಲಸವನ್ನು ಇವತ್ತು ನಮ್ಮ ಹಾಸ್ಟೆಲ್ಲಿನ ಲ್ಯಾಪ್‌ಟಾಪ್ ಮಾಡುತ್ತದೆ.

ಇದರಿಂದ ತಿಳಿಯುವುದೇನು? ನಮ್ಮ ಹಳೇಬೀಡಿನ ಕೆರೆಗೆ ಕಲ್ಲೆಸೆದರೆ ಅಲೆ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಪ್ರೋಟೀನಿನೊಳಗೆ ಶಕ್ತಿ ಹಾಗೆ ಹರಡುವುದಿಲ್ಲ. ತೋಟದಲ್ಲಿ ಕಾಲುವೆ ತೋಡಿದಂತೆ ಕೆಲವು ದಾರಿಗಳಲ್ಲಿ ಹೆಚ್ಚು, ಕೆಲವು ಕಡೆ ಕಡಿಮೆ. ಒಂದು ಅಮೈನೋ ಆಮ್ಲವನ್ನಷ್ಟೇ ಕಂಪ್ಯೂಟರಿನಲ್ಲಿ 'ಬಿಸಿ' ಮಾಡಿ, ಆ ಬಿಸಿ ಮುಂದೆ ಯಾರಿಗೆ ತಲುಪುತ್ತದೆ ಎಂದು ನೋಡಬಹುದು. ಸರದಲ್ಲಿ ಪಕ್ಕದಲ್ಲಿರುವುದಕ್ಕೆ ಮಾತ್ರವಲ್ಲದೆ, ಮಡಿಕೆಯಿಂದಾಗಿ ಹತ್ತಿರ ಬಂದ, ಸರದಲ್ಲಿ ಬಹು ದೂರವಿರುವ ಇನ್ನೊಂದಕ್ಕೂ ಅದು ಜಿಗಿಯುತ್ತದೆ.

ಅರಸೀಕೆರೆಯವರಿಗೆ ಇದನ್ನು ರೈಲಿನ ಮೂಲಕ ಹೇಳುವುದು ಸುಲಭ. ಅಮೈನೋ ಆಮ್ಲಗಳು ಸ್ಟೇಷನ್‌ಗಳು, ಅವುಗಳ ನಡುವಿನ ಸಂಪರ್ಕ ಹಳಿಗಳು. ಅರಸೀಕೆರೆ ಜಂಕ್ಷನ್. ಬೆಂಗಳೂರಿನಿಂದ ತಿಪಟೂರು ದಾಟಿ ಬಂದ ಗಾಡಿ ಇಲ್ಲಿಂದ ಬಾಣಾವರ, ಕಡೂರು, ಬೀರೂರು ಹಾದು ಹುಬ್ಬಳ್ಳಿ ಕಡೆ ಹೋಗುತ್ತದೆ. ಇನ್ನೊಂದು ಹಳಿ ಹಾಸನ, ಮೈಸೂರಿಗೆ ಕವಲೊಡೆಯುತ್ತದೆ. ನಡುವಿನ ಸಣ್ಣ ಸ್ಟೇಷನ್ನಿನಲ್ಲಿ ಒಂದು ದಿನ ಗಾಡಿ ನಿಲ್ಲದಿದ್ದರೆ ಅಲ್ಲಿನವರಿಗಷ್ಟೇ ತೊಂದರೆ. ಅರಸೀಕೆರೆಯಲ್ಲಿ ಹಳಿ ಕೆಟ್ಟರೆ ಹಾಸನದವನೂ ಹುಬ್ಬಳ್ಳಿಯವನೂ ಒಟ್ಟಿಗೆ ಪರದಾಡುತ್ತಾರೆ. ಪ್ರೋಟೀನಿನಲ್ಲೂ ಹೀಗೆಯೇ ಜಂಕ್ಷನ್‌ಗಳಿವೆ. ಅಲ್ಲಿನ ಒಂದೇ ಅಮೈನೋ ಆಮ್ಲ ಬದಲಾದರೆ ದೂರದ ಇನ್ನೊಂದು ತುದಿಯ ಕೆಲಸ ನಿಲ್ಲಬಹುದು. ಯಾವುದು ಜಂಕ್ಷನ್, ಯಾವುದು ಸಣ್ಣ ಸ್ಟೇಷನ್ ಎಂದು ಗೊತ್ತಾದರೆ ಔಷಧಿಯ ಅಣು ಹೋಗಿ ಎಲ್ಲಿ ಕೂರಬೇಕು, ಬಿಸಿ ತಡೆಯಲು ಎಲ್ಲಿ ಬಿಗಿ ಮಾಡಬೇಕು ಎಂದು ಯೋಚಿಸಬಹುದು.

ಈ ಕೆಲಸ ಎಲ್ಲೋ ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ ಎಂದುಕೊಳ್ಳಬೇಡಿ. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಮೂರ್ನಾಲ್ಕು ಗಂಟೆಯಲ್ಲಿ ಇಳಿಯುವ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದ ಸರಸ್ವತಿ ವಿಶ್ವೇಶ್ವರ ಅವರು ಪ್ರೋಟೀನುಗಳನ್ನು ಹೀಗೆ ಜಾಲಗಳಾಗಿ ನೋಡುವ ವಿಧಾನವನ್ನು ಬೆಳೆಸಿದವರಲ್ಲಿ ಒಬ್ಬರು. 2007ರಲ್ಲಿ ಅವರು ಮತ್ತು ಅಮಿತ್ ಘೋಷ್ ಪ್ರಕಟಿಸಿದ ಅಧ್ಯಯನ ಒಂದು ಕಿಣ್ವದ ಕುರಿತು. ಆ ಕಿಣ್ವ ಒಂದು ತುದಿಯಲ್ಲಿ 'ಬಂದವರು ಯಾರು' ಎಂದು ಗುರುತು ಹಿಡಿಯುತ್ತದೆ, ಬಹು ದೂರದ ಇನ್ನೊಂದು ಕಡೆ ಕೆಲಸ ಮಾಡುತ್ತದೆ. ಈ ತುದಿಯ ಸುದ್ದಿ ಆ ತುದಿಗೆ ಮುಟ್ಟುವುದು ಹೇಗೆ? ಅವರು ಮಾಲಿಕ್ಯುಲರ್ ಡೈನಾಮಿಕ್ಸ್ ಮತ್ತು ಜಾಲದ ಲೆಕ್ಕ ಎರಡನ್ನೂ ಸೇರಿಸಿ ಆ ದಾರಿಗಳನ್ನು ಹುಡುಕಿದರು. ನಕ್ಷೆಯಲ್ಲಿ ಎರಡು ಊರಿನ ನಡುವೆ ಅತಿ ಹತ್ತಿರದ ದಾರಿ ಹುಡುಕುತ್ತೇವಲ್ಲ, ಹಾಗೆ. ಕಂಪ್ಯೂಟರ್ ಸೈನ್ಸ್‌ನವರು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದುವ ಗ್ರಾಫ್ ಅಧ್ಯಾಯ ಇಲ್ಲಿ ಬಂತು ನೋಡಿ.

ಅವರ ಓದಿನ ದಾರಿಯೂ ನಮಗೊಂದು ಪಾಠ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಓದಿದ ಅವರು ಪಿಎಚ್.ಡಿ. ಮಾಡಿದ್ದು ಕ್ವಾಂಟಮ್ ಕೆಮಿಸ್ಟ್ರಿಯಲ್ಲಿ. ಅದೇ ವಿಭಾಗವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್ ಅವರ ಕಥೆ ಇನ್ನೂ ಸೊಗಸು. 1942ರಲ್ಲಿ ಅವರು ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು! ಅಲ್ಲಿಂದ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗಕ್ಕೆ ಹಾರಿದರು. 1963ರಲ್ಲಿ ಮದ್ರಾಸಿನಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಂದಿಗೆ, ಪ್ರೋಟೀನಿನ ಸರ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬ ನಕ್ಷೆ ಬರೆದರು. ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ರಚನೆ ಸಿಕ್ಕರೂ ಇಂದಿಗೂ ಅದನ್ನು 'ರಾಮಚಂದ್ರನ್ ನಕ್ಷೆ'ಯ ಎದುರು ಹಿಡಿದು ಸರಿಯಿದೆಯೇ ಎಂದು ನೋಡುತ್ತಾರೆ. ಅಜ್ಜಿಯ ಇನ್ಸುಲಿನ್‌ಗೂ ಬೆಂಗಳೂರಿನ ನಂಟಿದೆ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡ ಇನ್ಸುಲಿನ್ನಿನ ಮೂರು ಆಯಾಮದ ರಚನೆ ಬಿಡಿಸಿದಾಗ ಆ ತಂಡದಲ್ಲಿ ಎಂ. ವಿಜಯನ್ ಇದ್ದರು. ಮುಂದೆ ಅವರು ವಿಜ್ಞಾನ ಸಂಸ್ಥೆಗೆ ಮರಳಿ ದಶಕಗಳ ಕಾಲ ಪ್ರೋಟೀನುಗಳ ಮೇಲೆಯೇ ಕೆಲಸ ಮಾಡಿದರು.

ಎಲೆಕ್ಟ್ರಿಕಲ್ ಓದಲು ಬಂದ ಹುಡುಗನಿಗೆ 'ಇದು ನಿನ್ನ ಬ್ರ್ಯಾಂಚಲ್ಲ' ಎಂದು ಬಾಗಿಲು ಹಾಕಿದ್ದರೆ ಏನಾಗುತ್ತಿತ್ತು?

ನಮ್ಮ ಪಠ್ಯದಲ್ಲಿ ಬಾಗಿಲು ಇಲ್ಲವೆಂದಲ್ಲ. ವಿಟಿಯುನಲ್ಲಿ ಎಲ್ಲ ಬ್ರ್ಯಾಂಚಿನವರಿಗೂ 'ಬಯಾಲಜಿ ಫಾರ್ ಎಂಜಿನಿಯರ್ಸ್' ಎಂಬ ವಿಷಯವಿದೆ. ಒಳ್ಳೆಯ ಯೋಚನೆ. ಆದರೆ ನಮ್ಮಲ್ಲಿ ಎಷ್ಟು ಜನ ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಮರುದಿನ ಮರೆತಿಲ್ಲ? ನಾನೂ ಹಾಗೇ ಮಾಡಿದವಳು. ಆ ವಿಷಯವೂ ನಮ್ಮ ವೈಬ್ರೇಷನ್ಸ್, ಹೀಟ್ ಟ್ರಾನ್ಸ್‌ಫರ್‌ಗಳೂ ಬೇರೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿವೆ. ನಡುವಿನ ಗೋಡೆಗೆ ಕಿಟಕಿ ಇಡಬಲ್ಲದ್ದು ಮಿನಿ ಪ್ರಾಜೆಕ್ಟ್ ಒಂದೇ.

ಖರ್ಚಿನ ಮಾತು ಬೇಡ. ಈ ಕೆಲಸಕ್ಕೆ ಕಬ್ಬಿಣ ಬೇಡ, ವೆಲ್ಡಿಂಗ್ ಬೇಡ. ಪ್ರೋಟೀನ್ ಡೇಟಾ ಬ್ಯಾಂಕ್ 1971ರಿಂದ ಇದೆ. ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಗ್ರೊಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಉಚಿತ. ಪೈಥಾನ್ ಉಚಿತ. ಕಾಲೇಜಿನ ಲ್ಯಾಬಿನಲ್ಲಿ ಸಂಜೆ ಐದರ ಮೇಲೆ ಸುಮ್ಮನೆ ಕೂತಿರುವ ಕಂಪ್ಯೂಟರುಗಳಿವೆ. ಪ್ರಾಜೆಕ್ಟ್ ಅಂಗಡಿಗೆ ನಾಲ್ವರು ಸೇರಿ ಕೊಡುವ ದುಡ್ಡಿನಲ್ಲಿ ಇಲ್ಲಿ ಒಂದು ರೂಪಾಯಿಯೂ ಬೇಕಾಗಿಲ್ಲ.

ಗೈಡ್‌ಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಒಬ್ಬೊಬ್ಬರ ತಲೆಯ ಮೇಲೆ ಹಲವು ಬ್ಯಾಚು, ಜತೆಗೆ ತರಗತಿ, ದಾಖಲೆ ಬರೆಯುವ ಕೆಲಸ. ತಮಗೆ ಗೊತ್ತಿಲ್ಲದ ವಿಷಯಕ್ಕೆ ಸಹಿ ಹಾಕಲು ಯಾರಿಗಾದರೂ ಅಳುಕು ಸಹಜ. ಅದಕ್ಕೆ ಪರಿಹಾರ 'ಬೇಡ' ಅನ್ನುವುದೊಂದೇ ಅಲ್ಲ. ಒಂದು ಪ್ರಾಜೆಕ್ಟಿಗೆ ಎರಡು ವಿಭಾಗದಿಂದ ಇಬ್ಬರು ಗೈಡ್ ಇರಲಿ. ಬಯಾಲಜಿ ಪಾಠ ಮಾಡುವವರು ಒಬ್ಬರು, ಮೆಕ್ಯಾನಿಕಲ್‌ನವರು ಒಬ್ಬರು. ಗುಂಪಿನಲ್ಲಿ ಎರಡು ಬ್ರ್ಯಾಂಚಿನ ವಿದ್ಯಾರ್ಥಿಗಳಿರಲಿ. ಲ್ಯಾಬಿನ ನಾಲ್ಕು ಕಂಪ್ಯೂಟರುಗಳನ್ನು ರಾತ್ರಿ ಆಫ್ ಮಾಡದೆ ಬಿಡಲಿ. ಫಲಿತಾಂಶ ಬರಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದವರಿಗೆ, ಕೊಂಡು ತಂದು ಚೆನ್ನಾಗಿ ಬೈಂಡ್ ಮಾಡಿಸಿದವರಿಗಿಂತ ಒಂದೆರಡು ಅಂಕ ಹೆಚ್ಚೇ ಸಿಗಲಿ.

'ಇದರಿಂದ ಕೆಲಸ ಸಿಗುತ್ತಾ?' ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಮನೆಯಲ್ಲೂ ಬಂತು. ಸಾಲ ಮಾಡಿ ಓದಿಸುವ ಅಪ್ಪ ಕೇಳುವುದರಲ್ಲಿ ತಪ್ಪೇನಿಲ್ಲ. ಪ್ರೋಟೀನ್ ಮಾಡಿದರೆ ಕ್ಯಾಂಪಸ್‌ನಲ್ಲೇ ಆಫರ್ ಲೆಟರ್ ಬರುತ್ತದೆ ಎಂದು ಸುಳ್ಳು ಹೇಳಲಾರೆ. ಆದರೆ ಈ ಕೆಲಸ ಮಾಡುತ್ತಾ ಲಿನಕ್ಸ್, ಪೈಥಾನ್, ಮ್ಯಾಟ್ರಿಕ್ಸ್ ಲೆಕ್ಕ, ದೊಡ್ಡ ಡೇಟಾ ಸಂಭಾಳಿಸುವುದು ತಾನಾಗಿ ಕೈಗೆ ಬರುತ್ತವೆ. ಕೋಡ್ ಬರೆಯಿಸುವ ಯಾವ ಕಂಪನಿಯೂ ಇವನ್ನು ಬೇಡ ಎನ್ನುವುದಿಲ್ಲ. ಬೆಂಗಳೂರಿನಲ್ಲಿ ಇನ್ಸುಲಿನ್ ತಯಾರಿಸುವ ಬಯೋಕಾನ್ ಇದೆ, ಔಷಧ ಸಂಶೋಧನೆಯ ಇತರ ಕಂಪನಿಗಳಿವೆ. 2024ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದೇ ಕಂಪ್ಯೂಟರಿನಿಂದ ಪ್ರೋಟೀನ್ ಅರಿತ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ. ಇವರಲ್ಲಿ ಹಸಾಬಿಸ್ ಓದಿದ್ದು ಕಂಪ್ಯೂಟರ್ ಸೈನ್ಸ್, ಜಂಪರ್ ಮೊದಲು ಓದಿದ್ದು ಭೌತಶಾಸ್ತ್ರ ಮತ್ತು ಗಣಿತ. ಸಂಶೋಧನೆಯ ರುಚಿ ನೋಡಬೇಕೆಂದರೆ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಬೇಸಿಗೆ ಫೆಲೋಶಿಪ್, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇವೆ. ಸಣ್ಣ ಊರಿನ ಕಾಲೇಜಿನವರು ಅರ್ಜಿ ಹಾಕಬಾರದು ಎಂಬ ನಿಯಮವಿಲ್ಲ; ಆ ನಿಯಮ ನಮ್ಮ ತಲೆಯೊಳಗೆ ಮಾತ್ರ ಇದೆ.

ಅಂದ ಹಾಗೆ, ಕಾಯಿ ಸುಲಿಯುವ ಯಂತ್ರದ ಜತೆಜತೆಗೇ ನಾವಿಬ್ಬರೂ ರಾತ್ರಿ ಕೂತು ಇನ್ಸುಲಿನ್ನಿನ ಆ 51 ಗುಂಡುಗಳ ಲೆಕ್ಕ ಮಾಡಿದೆವು. ಅಂಕಕ್ಕಲ್ಲ, ಸುಮ್ಮನೆ. ಮೊದಲ ಮೂರು ಸಲ ತಪ್ಪಾಯಿತು. ಸ್ಪ್ರಿಂಗುಗಳನ್ನು ಎರಡೆರಡು ಸಲ ಎಣಿಸಿದ್ದೆವು. ನಾಲ್ಕನೇ ಸಲ, 30 ಅಮೈನೋ ಆಮ್ಲಗಳ ಸರದ ತುದಿ ಉಳಿದೆಲ್ಲಕ್ಕಿಂತ ಹೆಚ್ಚು ಓಲಾಡುತ್ತಿರುವುದು ಸ್ಕ್ರೀನಿನ ಮೇಲೆ ಕಂಡಿತು. ಆಮೇಲೆ ಓದಿದಾಗ ತಿಳಿಯಿತು: ಇನ್ಸುಲಿನ್ ನಮ್ಮ ಜೀವಕೋಶದ ಮೇಲಿನ ಗ್ರಾಹಕಕ್ಕೆ ಕೂಡಿಕೊಳ್ಳುವಾಗ ಬಾಗಿಲಿನಂತೆ ತೆರೆದುಕೊಳ್ಳುವುದು ಅದೇ ತುದಿಯಂತೆ. ಜಗತ್ತಿಗೆ ಇದು ಹಳೆಯ ಸುದ್ದಿ. ನಮ್ಮಿಬ್ಬರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದರಿಂದ ಅಜ್ಜಿಯ ಬಾಟಲಿ ಉಳಿಯಿತೇ? ಇಲ್ಲ. ಬಿಸಿಗೆ ಔಷಧಿ ಕೆಡುವುದು ಗಂಟೆ, ದಿನಗಳ ಮಾತು. ನಮ್ಮ ಲ್ಯಾಪ್‌ಟಾಪ್ ನೋಡಬಲ್ಲದ್ದು ನ್ಯಾನೊಸೆಕೆಂಡುಗಳನ್ನು. ನಡುವಿನ ದೂರ ಬಹಳ ಇದೆ. ಆ ದೂರವನ್ನು ದಾಟುವುದು ಹೇಗೆ ಎಂದು ದೊಡ್ಡ ದೊಡ್ಡ ಪ್ರಯೋಗಾಲಯಗಳೂ ತಲೆ ಕೆಡಿಸಿಕೊಂಡಿವೆ. ಫ್ರಿಜ್ ಇಲ್ಲದ ಮನೆಯಲ್ಲೂ, ಕರೆಂಟ್ ಕೈಕೊಡುವ ಊರಿನಲ್ಲೂ ಕೆಡದೆ ಉಳಿಯುವ ಇನ್ಸುಲಿನ್ ಬೇಕು ಎಂಬುದು ಅರಸೀಕೆರೆಯಲ್ಲಿ ಬೇಸಿಗೆ ಕಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ಈ ಪ್ರಶ್ನೆಯನ್ನು ನಮ್ಮ ಕಡೆಯ ಮಕ್ಕಳು ಕೇಳದೆ ಮತ್ಯಾರು ಕೇಳಬೇಕು?

ಮುಂದಿನ ವರ್ಷ ಕೊನೆಯ ಪ್ರಾಜೆಕ್ಟು. ಅದೇ ವಿಷಯವನ್ನು ಮತ್ತೆ ಬರೆದುಕೊಡುತ್ತೇನೆ. ಈ ಸಲ 153 ಸಾಲಿನ ಮ್ಯಾಟ್ರಿಕ್ಸನ್ನೂ ಪ್ರಿಂಟ್ ತೆಗೆದು ಜತೆಗೆ ಲಗತ್ತಿಸುತ್ತೇನೆ. ಇದು ಯಾವ ಬ್ರ್ಯಾಂಚಿಗೆ ಸೇರಿದ್ದು ಎಂದು ಕೇಳಿದರೆ, ವೈಬ್ರೇಷನ್ಸ್ ಪುಸ್ತಕ ತೆರೆದು ಪಕ್ಕದಲ್ಲಿಡುತ್ತೇನೆ.

– ಬಿ.ಇ. ವಿದ್ಯಾರ್ಥಿನಿ, ಹಳೇಬೀಡು